ಮನೆಗೊಬ್ಬರು

ಅವರು ನನ್ನ ಮುಖವನ್ನು ಸರಿಯಾಗಿ ನೋಡಿದ್ದು ಯಾವಾಗಲೋ ಗೊತ್ತಿಲ್ಲ, ಕೈಯನ್ನು ಮಾತ್ರ ಮೊದಲ ದಿನವೇ ನೋಡಿದರು. ಬಂಗಾರಪೇಟೆಯಲ್ಲಿ ನಮ್ಮ ಆಫೀಸು ಎಂದರೆ ರಸಗೊಬ್ಬರದ ಅಂಗಡಿಯೊಂದರ ಮೇಲಿನ ಎರಡು ಕೋಣೆ. ನಾನು ಆಗಷ್ಟೇ ಸೇರಿದ್ದ ಮೇಲ್ವಿಚಾರಕ. ಇಸ್ತ್ರಿ ಮಾಡಿದ ಅರ್ಧ ತೋಳಿನ ಶರಟು, ಕೊರಳಲ್ಲಿ ಗುರುತಿನ ಚೀಟಿ, ಒಟ್ಟಿನಲ್ಲಿ ಯಾರಾದರೂ ನೋಡಲಿ ಎಂಬಂತೆ ಕೂತಿದ್ದೆ. ಅವರು ಬಂದರು, ಬಾಗಿಲಲ್ಲಿ ಚಪ್ಪಲಿ ಬಿಟ್ಟರು, ನಮಸ್ಕಾರ ಮಾಡಲು ಎತ್ತಿದ್ದ ನನ್ನ ಕೈಯನ್ನೇ ಹಿಡಿದು ಮೊಣಕೈಯ ಮಡಿಕೆಯಲ್ಲಿ ಹೆಬ್ಬೆರಳಿಂದ ಒತ್ತಿ ನೋಡಿ, ಒಳ್ಳೇ ನರ ತಂಬಿ, ಯಾರು ಬೇಕಾದರೂ ತೆಗೀಬಹುದು ಎಂದರು. ಹೊಗಳಿದರೋ ಹಂಗಿಸಿದರೋ ಎಂದು ಸಾಯಂಕಾಲದವರೆಗೂ ಯೋಚನೆ ಮಾಡಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕೆಲಸದಲ್ಲಿ ರಕ್ತ ಕೊಟ್ಟವರ ಹೆಸರನ್ನು ಹೊರಗೆ ಹೇಳಬಾರದೆಂಬ ನಿಯಮವಿದೆ. ರಕ್ತ ತೆಗೆದವರಿಗೂ ಅದನ್ನೇ ಅನ್ವಯಿಸಿದರೆ ತಪ್ಪಿಲ್ಲ ಎಂದುಕೊಂಡಿದ್ದೇನೆ. ಮುಂದೆ ಬರುವ ಅಣ್ಣತಮ್ಮಂದಿರ ಹೆಸರನ್ನೂ ಬದಲಾಯಿಸಿದ್ದೇನೆ. ಹಳ್ಳಿಗಳಲ್ಲಿ ಎಲ್ಲರೂ ಅವರನ್ನು ರಕ್ತದಕ್ಕ ಎನ್ನುತ್ತಿದ್ದರು. ಆ ಹೆಸರು ಅವರಿಗೆ ಹಿಡಿಸುತ್ತಿರಲಿಲ್ಲ, ಕೇಳಿದರೆ ರಾಕ್ಷಸಿ ಅಂತ ಅಂದ್ಕೋತಾರೆ ಎನ್ನುತ್ತಿದ್ದರು. ನಾನು ಬರೀ ಅಕ್ಕ ಎನ್ನುತ್ತಿದ್ದೆ.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆ ಈಗ ಪಟ್ಟಣದವರ ಸೊತ್ತಾಗಿ ಉಳಿದಿಲ್ಲ. ಮುದ್ದೆ ತಿಂದು ಹೊಲದಲ್ಲಿ ಬೆವರು ಸುರಿಸುವವರಿಗೂ ಬರುತ್ತಿದೆ. ರಕ್ತದಲ್ಲಿ ಸಕ್ಕರೆ ಏರುವುದಕ್ಕೆ ವರ್ಷಗಳ ಮೊದಲೇ ಕೆಲವು ಪ್ರೋಟೀನುಗಳು ಏರುಪೇರಾಗುತ್ತವಂತೆ. ಅವುಗಳನ್ನು ಅಳೆದರೆ ಯಾರಿಗೆ ಮುಂದೆ ಬರಬಹುದು ಎಂದು ಹೇಳಲು ಸಾಧ್ಯವೇ ಎಂಬುದು ಬೆಂಗಳೂರಿನ ನಮ್ಮ ದೊಡ್ಡ ಡಾಕ್ಟರ ಪ್ರಶ್ನೆ. ಅದಕ್ಕೆ ಇಂದು ಒಬ್ಬರ ರಕ್ತ ತೆಗೆಯಬೇಕು, ಮೂರು ವರ್ಷ ಬಿಟ್ಟು ಅದೇ ಮನುಷ್ಯರ ರಕ್ತ ಮತ್ತೆ ತೆಗೆಯಬೇಕು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಅದೇ ಮನುಷ್ಯರು ಎಂಬ ಮಾತಿನ ಮೇಲೆ ಇಡೀ ಕೆಲಸ ನಿಂತಿತ್ತು. ನಾನು ಅದನ್ನು ತರಬೇತಿಯಲ್ಲಿ ಬರೆದುಕೊಂಡಿದ್ದೆ, ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಖಾಲಿ ಹೊಟ್ಟೆಯ ರಕ್ತ ಬೇಕು. ಆದ್ದರಿಂದ ಬೆಳಿಗ್ಗೆ ಐದೂವರೆಗೇ ಹಳ್ಳಿಯಲ್ಲಿರಬೇಕು. ಕ್ಯಾಸಂಬಳ್ಳಿ ಕಡೆಯ ಊರುಗಳಲ್ಲಿ ಆ ಹೊತ್ತಿಗೆ ಜನ ಒಂದೇ ಕಡೆ ಸಿಗುವುದು ಹಾಲಿನ ಡೈರಿಯ ಮುಂದೆ. ನಾವು ಡೈರಿಯ ಜಗಲಿಯ ಮೇಲೇ ಮೇಜು ಹಾಕುತ್ತಿದ್ದೆವು. ಒಂದು ಕಡೆ ಹಾಲಿನ ಕ್ಯಾನುಗಳ ಸಾಲು, ಇನ್ನೊಂದು ಕಡೆ ನಮ್ಮ ಸಾಲು. ಎರಡೂ ಕಡೆ ಸಣ್ಣ ಕೊಳವೆಗಳು, ಎರಡೂ ಕಡೆ ಅಳತೆ. ಅಕ್ಕ ಕೂರುತ್ತಿದ್ದುದು ಮಡಚುವ ಒಂದು ಕಬ್ಬಿಣದ ಸ್ಟೂಲಿನ ಮೇಲೆ. ಅವರು ಮೊದಲು ಕೆಲಸಕ್ಕಿದ್ದ ಚಿನ್ನದ ಗಣಿಯ ಆಸ್ಪತ್ರೆ ಮುಚ್ಚಿದಾಗ ಬೇರೆಯವರು ಕುರ್ಚಿ ಬೀರು ಹೊತ್ತುಕೊಂಡು ಹೋದರಂತೆ, ಇವರು ಕೇಳಿ ಈ ಸ್ಟೂಲನ್ನು ತಂದಿದ್ದರು.

ತಿಂದು ಬಂದವರನ್ನು ಹಿಡಿಯಲು ಅವರದೇ ಒಂದು ಉಪಾಯವಿತ್ತು. ನಾನು ಫಾರಂ ನೋಡಿಕೊಂಡು, ಕಳೆದ ಹತ್ತು ಗಂಟೆಗಳಲ್ಲಿ ಏನಾದರೂ ಸೇವಿಸಿದ್ದೀರಾ ಎಂದು ಕೇಳುತ್ತಿದ್ದೆ. ಎಲ್ಲರೂ ಇಲ್ಲ ಎನ್ನುತ್ತಿದ್ದರು. ಅವರು ರಬ್ಬರ್ ಪಟ್ಟಿ ಕಟ್ಟುತ್ತ, ಏನೋ ಮನೆಮಾತು ಆಡುವ ಹಾಗೆ, ಇವತ್ತು ಕಾಫಿಗೆ ಬೆಲ್ಲವೋ ಸಕ್ಕರೆಯೋ ಎಂದು ಕೇಳುತ್ತಿದ್ದರು. ಬೆಲ್ಲ ಕಣಕ್ಕಾ ಎಂದು ಬಾಯಿಬಿಟ್ಟವರ ಪಟ್ಟಿ ಆ ಕ್ಷಣಕ್ಕೇ ಸಡಿಲವಾಗುತ್ತಿತ್ತು, ನಾಳೆ ಬಾ ಎಂದು ಮುಂದಿನವರನ್ನು ಕರೆಯುತ್ತಿದ್ದರು. ಯಾರೂ ಸುಳ್ಳು ಹೇಳಿದ್ದಲ್ಲ, ಕಾಫಿಯನ್ನು ನಮ್ಮ ಕಡೆ ಯಾರೂ ತಿನ್ನುವ ಕುಡಿಯುವ ಲೆಕ್ಕಕ್ಕೆ ಸೇರಿಸುವುದಿಲ್ಲ ಅಷ್ಟೇ. ನಾನು ಮಾತ್ರ ಮೂರು ತಿಂಗಳು ಫಾರಂನ ಪ್ರಶ್ನೆಯನ್ನೇ ಕೇಳಿಕೊಂಡಿದ್ದೆ.

ಮುಖಗಳು ಅವರಿಗೆ ನೆನಪಿರುತ್ತಿರಲಿಲ್ಲ. ಒಂದೇ ಊರಿನಲ್ಲಿ ನಿನ್ನೆ ಊಟ ಬಡಿಸಿದ ಹೆಂಗಸನ್ನು ಇಂದು ನೀವು ಯಾರಮ್ಮ ಎಂದು ಕೇಳಿ ನನ್ನ ಮಾನ ತೆಗೆದಿದ್ದರು. ಅದೇ ಹೆಂಗಸು ಸೆರಗು ಸರಿಸಿ ಕೈ ಚಾಚಿದಳೋ ಇಲ್ಲವೋ, ಓ ನೀನಾ, ಎಡಗೈಯಲ್ಲಿ ನರ ಜಾರ್ತದಲ್ಲ, ಬಲಗೈ ಕೊಡು ಎಂದರು. ಹಾಲು ಕರೆಯುವವರ ಕೈ, ಕುಡುಗೋಲು ಹಿಡಿಯುವವರ ಕೈ, ಟೊಮೆಟೊ ಕ್ರೇಟು ಎತ್ತುವವರ ಕೈ, ಎಲ್ಲವನ್ನೂ ಮುಟ್ಟಿಯೇ ಹೇಳುತ್ತಿದ್ದರು. ಓಡಿಹೋಗುವ ನರಕ್ಕೆ ಕಳ್ಳ ನರ ಎಂದೂ ಒಳಗೆ ಅಡಗಿರುವುದಕ್ಕೆ ನಾಚಿಕೆ ನರ ಎಂದೂ ಹೆಸರಿಟ್ಟಿದ್ದರು. ನನಗೆ ಇದೆಲ್ಲ ಸ್ವಲ್ಪ ನಾಟಕ ಅನ್ನಿಸುತ್ತಿತ್ತು. ಆಫೀಸಿನಲ್ಲಿ ಒಮ್ಮೆ ಪರೀಕ್ಷೆ ಮಾಡಿದೆವು. ಕಣ್ಣಿಗೆ ಟವಲು ಕಟ್ಟಿ, ಕೆಳಗಿನ ಗೊಬ್ಬರದಂಗಡಿಯವನೂ ಸೇರಿ ಆರು ಜನ ಒಬ್ಬೊಬ್ಬರಾಗಿ ಕೈ ಚಾಚಿದೆವು. ಐದು ಜನರನ್ನು ಸರಿಯಾಗಿ ಹೇಳಿದರು. ಅಂಗಡಿಯವನ ಕೈ ಮುಟ್ಟಿ, ಈ ಕೈ ನಾನು ನೋಡಿಲ್ಲ ಎಂದರು. ಅದೂ ನಿಜವೇ, ಅವನು ಅವರಿಗೆ ಯಾವತ್ತೂ ಕೈ ಕೊಟ್ಟವನಲ್ಲ.

ಅವರ ಅಪ್ಪ ಗಣಿಯಲ್ಲಿ ಕೆಳಗಿಳಿಯುತ್ತಿದ್ದವರು. ಮನೆ ನಂದಿದುರ್ಗದ ಲೈನಿನಲ್ಲಿ, ಗಣಿಯವರಿಗೆ ಕಟ್ಟಿದ ಸಾಲುಮನೆಗಳ ನಡುವಿನ ಒಂದು. ಮನೆಮಾತು ತಮಿಳು, ಪಕ್ಕದ ಮನೆಯವರ ಜೊತೆ ತೆಲುಗು, ನಮ್ಮ ಜೊತೆ ಕನ್ನಡ. ಸಿಟ್ಟು ಬಂದರೆ ಮೂರೂ ಒಟ್ಟಿಗೆ ಬರುತ್ತಿದ್ದವು. ಗಣಿ ಆಸ್ಪತ್ರೆಯ ಲ್ಯಾಬಿನಲ್ಲಿ ಬಾಟಲಿ ತೊಳೆಯಲು ಸೇರಿ ರಕ್ತ ತೆಗೆಯುವುದನ್ನು ಅಲ್ಲೇ ಕಲಿತರು. ಗಣಿಯೇ ಮುಚ್ಚಿದ ಮೇಲೆ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ, ಆಮೇಲೆ ಬಂಗಾರಪೇಟೆಯ ಲ್ಯಾಬುಗಳಿಗೆ, ಹೀಗೆ ತಿರುಗಿ ತಿರುಗಿ ನಮ್ಮಲ್ಲಿಗೆ ಬಂದಿದ್ದರು. ಮದುವೆ ಆಗಿರಲಿಲ್ಲ. ಏಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ತಂಗಿಯ ಸಂಸಾರದ ಜೊತೆ ಇದ್ದರು. ಅವರ ಕಥೆಯಲ್ಲಿ ನನಗೆ ಗೊತ್ತಿರುವುದು ಇಷ್ಟೇ.

ಒಂದು ವಿಷಯದಲ್ಲಿ ಅವರು ವಿಪರೀತ ಹಟ ಮಾಡುತ್ತಿದ್ದರು, ಅದು ಚೀಟಿಯ ವಿಷಯ. ಹೊಸ ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು, ಇಷ್ಟೊಂದು ರಕ್ತ ತಕ್ಕೊಂಡು ಓಗಿ ಮಾರ್ಕೊತಾರಂತೆ ಎಂಬ ಮಾತು ಎತ್ತಿಯೇ ಎತ್ತುತ್ತಿದ್ದರು. ನಾನು ಒಪ್ಪಿಗೆ ಪತ್ರ ಓದಲು ಶುರುಮಾಡುತ್ತಿದ್ದೆ. ಅವರು ನನ್ನನ್ನು ಸುಮ್ಮನಿರಿಸಿ ಎರಡೇ ಮಾತು ಹೇಳುತ್ತಿದ್ದರು. ಪ್ರೋಟೀನಿನ ವಿಚಾರ ಓದಿದವರಿಗೆ, ಅದರಿಂದ ನಿಮಗೆ ಇವತ್ತು ಏನೂ ಸಿಗಲ್ಲ. ಸಕ್ಕರೆ ಎಷ್ಟಿದೆ ಅನ್ನೋ ಚೀಟಿ ನಿಮ್ಮದು, ಯಾರ ರಕ್ತವೋ ಅವರ ಕೈಗೇ ಬರ್ತದೆ, ನಾನೇ ತಂದುಕೊಡ್ತೀನಿ. ಆಫೀಸಿನವರು ಚೀಟಿಗಳನ್ನು ಆಶಾ ಕಾರ್ಯಕರ್ತೆಯರಿಗೆ ಕೊಟ್ಟುಬಿಡಿ ಎಂದರೂ ಕೇಳದೆ, ಭಾನುವಾರ ಬಸ್ಸು ಹತ್ತಿ ಹೋಗಿ ಮನೆಮನೆಗೆ ಹಂಚಿ ಬರುತ್ತಿದ್ದರು. ಅದಕ್ಕೆ ಸಂಬಳವಿರಲಿಲ್ಲ. ಇವರಿಗೆ ಬೇರೆ ಕೆಲಸವಿಲ್ಲ ಎಂದು ನಾನೇ ಆಫೀಸಿನಲ್ಲಿ ನಗಾಡಿದ್ದೇನೆ.

ನನಗೂ ರಕ್ತ ತೆಗೆಯುವುದನ್ನು ಕಲಿಸಿದರು. ಕಲಿತದ್ದು ಅವರ ಕೈಯ ಮೇಲೆಯೇ. ಮೊದಲ ಸಲ ಎರಡು ಕಡೆ ಚುಚ್ಚಿ ಎರಡೂ ತಪ್ಪಿ ಬೆವೆತುಹೋದೆ. ಅವರು ಕೈ ಅಲ್ಲಾಡಿಸದೆ, ತಪ್ಪಿದರೆ ತಪ್ಪಿತು ಅಂತ ಬಾಯಲ್ಲಿ ಹೇಳಿ ಸೂಜಿ ಹೊರಗೆ ತೆಗಿ, ಒಳಗೇ ಹುಡುಕಾಡಬೇಡ, ಹುಡುಕಾಡಿದಷ್ಟೂ ಅವರಿಗೇ ನೋವು ಎಂದರು. ಬಾಯಲ್ಲಿ ಹೇಳಿಸಿದರು ಕೂಡ. ತಪ್ಪಿತು ಎಂದು ಗಟ್ಟಿಯಾಗಿ ಹೇಳಿ ಸೂಜಿ ತೆಗೆದೆ. ಮೂರನೆಯದು ಸಿಕ್ಕಿತು.

ಈಗ ಆ ಊರಿನ ವಿಚಾರ. ಊರಿನ ಹೆಸರು ಬೇಡ, ಕ್ಯಾಸಂಬಳ್ಳಿ ಹೋಬಳಿ ಎಂದರೆ ಸಾಕು. ಮೊದಲ ಸುತ್ತಿನಲ್ಲಿ ನಾವು ಡೈರಿಯ ಸದಸ್ಯರ ಪಟ್ಟಿಯನ್ನೇ ತೆಗೆದುಕೊಂಡು ಅದರಿಂದ ಹೆಸರು ಆರಿಸಿದ್ದೆವು. ಹಿಂದಿನ ಸಾಯಂಕಾಲ ಡೈರಿಯ ಸೆಕ್ರೆಟರಿ ಮೈಕಿನಲ್ಲಿ ಆ ಹೆಸರುಗಳನ್ನೆಲ್ಲ ಓದಿ, ಬೆಳಿಗ್ಗೆ ರಕ್ತ ಪರೀಕ್ಷೆ, ಮನೆಗೊಬ್ಬರು ಬರಬೇಕು ಎಂದು ಸೇರಿಸಿದನಂತೆ. ಅದು ಅವನ ಬಾಯಿಗೆ ರೂಢಿಯಾದ ಮಾತು. ಕೆರೆಯ ಹೂಳೆತ್ತುವುದಕ್ಕೆ ಮನೆಗೊಬ್ಬರು, ಕಾಲುವೆ ಸರಿಮಾಡುವುದಕ್ಕೆ ಮನೆಗೊಬ್ಬರು, ಯಾರದಾದರೂ ಮಣ್ಣಿಗೆ ಹೋಗುವುದಕ್ಕೆ ಮನೆಗೊಬ್ಬರು. ಅಲ್ಲಿ ಯಾರು ಬಂದರು ಎಂದು ಯಾರೂ ನೋಡುವುದಿಲ್ಲ, ಮನೆಯಿಂದ ಒಬ್ಬರು ಬಂದರೋ ಇಲ್ಲವೋ ಎಂಬುದನ್ನು ಮಾತ್ರ ನೋಡುತ್ತಾರೆ. ಈ ಮೈಕಿನ ಮಾತು ನಮಗೆ ಗೊತ್ತಾದದ್ದು ಮೂರು ವರ್ಷದ ಮೇಲೆ.

ಮರುದಿನ ಬೆಳಿಗ್ಗೆ ನೂಕುನುಗ್ಗಲು. ಹೆಸರು ಕೂಗುವುದು, ಬಂದವರ ಆಧಾರ್ ಕಾರ್ಡಿನ ಫೋಟೋ ನೋಡುವುದು, ಮುಖದ ಜೊತೆ ತಾಳೆ ಹಾಕುವುದು, ಗುರುತು ನೋಡಿದೆ ಎಂಬ ಚೌಕದಲ್ಲಿ ಟಿಕ್ ಹಾಕುವುದು, ಇದು ನನ್ನ ಕೆಲಸ. ಮೊದಲ ಹತ್ತು ಜನರಿಗೆ ಮಾಡಿದೆ. ಆಮೇಲೆ ಹಾಲಿನ ಲಾರಿ ಬಂತು, ಜನ ಗಡಿಬಿಡಿ ಮಾಡಿದರು, ಕಾರ್ಡು ಮನೇಲೈತೆ ಸಾರ್ ಎಂದರು. ನಾನು ಹೆಸರು ಕೂಗಿದೆ, ಯಾರೋ ಬಂದು ಕೂತರು, ಟಿಕ್ ಹಾಕಿದೆ. ಕೊನೆಕೊನೆಗೆ ಕೂಗುವ ಮೊದಲೇ ಇಡೀ ಪುಟಕ್ಕೆ ಟಿಕ್ ಹಾಕಿಟ್ಟುಕೊಂಡಿದ್ದೆ. ಎಂಟು ಗಂಟೆಗೆ ಎಲ್ಲ ಮುಗಿಸಿ, ಇವತ್ತು ಬೇಗ ಆಯಿತಲ್ಲ ಅಕ್ಕ ಎಂದು ಹೆಮ್ಮೆಯಿಂದ ಹೇಳಿದ್ದು ನೆನಪಿದೆ.

ಮೂರು ವರ್ಷ ಕಳೆದು ಎರಡನೆಯ ಸುತ್ತಿಗೆ ಅದೇ ಜಗಲಿಗೆ ಹೋದೆವು. ಐದನೆಯವರಾಗಿ ಬಂದು ಕೂತದ್ದು ಮುನಿರಾಜಪ್ಪ. ಐವತ್ತು ದಾಟಿದ ಗಟ್ಟಿ ಮನುಷ್ಯ, ಬಂಗಾರಪೇಟೆಗೆ ಬೈಕಿನಲ್ಲಿ ಹೋಗಿ ರೈಲು ಹಿಡಿದು ಬೆಂಗಳೂರಿನ ಒಂದು ಕಾರ್ಖಾನೆಗೆ ಕಾವಲಿಗೆ ಹೋಗುತ್ತಿದ್ದ. ಅವತ್ತು ರಜೆ ಹಾಕಿ ಬಂದಿದ್ದ. ಮೊದಲ ಸುತ್ತಿನಲ್ಲಿ ಅವನ ಹೆಸರಿನ ಚೀಟಿಯಲ್ಲಿ ಸಕ್ಕರೆ ಬಹಳ ಹೆಚ್ಚು ಬಂದಿತ್ತು. ಆಸ್ಪತ್ರೆಗೆ ಹೋಗಿ ಮತ್ತೆ ಪರೀಕ್ಷೆ ಮಾಡಿಸಿ ಎಂದು ಅದರಲ್ಲಿ ಬರೆದಿತ್ತು. ಅವನು ಹೋಗಿರಲಿಲ್ಲ, ಆದರೆ ಉಳಿದದ್ದನ್ನೆಲ್ಲ ಮಾಡಿದ್ದ. ಮೂರು ವರ್ಷದಿಂದ ದಿನಾ ಹಾಗಲಕಾಯಿ ರಸ, ಅನ್ನ ಒಂದೇ ಸೌಟು, ಮದುವೆ ಮನೆಗಳಲ್ಲಿ ಹೋಳಿಗೆ ಮುಟ್ಟದೆ ಎಲೆಯಿಂದ ಎತ್ತಿ ಪಕ್ಕದಲ್ಲಿ ಕೂತ ತಮ್ಮನ ಎಲೆಗೆ ಹಾಕುವುದು. ಅದನ್ನೆಲ್ಲ ಸಾಲಿನವರಿಗೆಲ್ಲ ಕೇಳುವ ಹಾಗೆ ಹೇಳುತ್ತ ಶರಟಿನ ತೋಳು ಮಡಚಿ ಕೈ ಚಾಚಿದ.

ಅಕ್ಕ ರಬ್ಬರ್ ಪಟ್ಟಿ ಕಟ್ಟಿದರು. ಹೆಬ್ಬೆರಳಿಂದ ಒತ್ತಿದರು. ಮತ್ತೊಂದು ಕೈ ಕೇಳಿ ಅದನ್ನೂ ಒತ್ತಿದರು. ಆಮೇಲೆ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟು, ಮೊದಲ ಸುತ್ತಿನ ಹಾಳೆಯಲ್ಲಿ ಇವರ ಹೆಸರು ನೋಡು ಎಂದು ನನಗೆ ಹೇಳಿದರು. ಇದೆ, ಟಿಕ್ ಆಗಿದೆ ಎಂದೆ.

"ಈ ಕೈ ನಾನು ನೋಡಿಲ್ಲ ತಂಬಿ. ಅವತ್ತು ಈ ಹೆಸರಿಗೆ ಬಂದ ಕೈಯಲ್ಲಿ ನರ ಮಡಿಕೆ ಹತ್ತಿರ ಎರಡಾಗಿ ಒಡೀತದೆ, ಕೆಳಗೆ ಕುಡುಗೋಲಿನ ಹಳೇ ಗಾಯ ಇದೆ. ಇದು ಅದಲ್ಲ."

ಮುನಿರಾಜಪ್ಪನಿಗೆ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ನಗುತ್ತಲೇ ಹೇಳಿದ. "ಓ, ಅದಾ? ಅವತ್ತು ನಾನು ರೈಲಿಗೆ ಓಗಿದ್ದೆ ಅಕ್ಕ. ನಮ್ಮ ಸೀನ ಬಂದು ಕೊಟ್ಟವ್ನೆ. ಮನೆಗೊಬ್ರು ಅಂದಿದ್ರಲ್ಲ."

ಸೀನಪ್ಪ ಅವನ ತಮ್ಮ. ಒಂದೇ ಮನೆ, ಒಂದೇ ಒಲೆ. ಹಸುಗಳನ್ನು ನೋಡಿಕೊಳ್ಳುವವನು, ಡೈರಿಗೆ ಹಾಲು ತರುವವನು ಅವನೇ. ಡೈರಿಯ ಸದಸ್ಯತ್ವ ಮಾತ್ರ ಅಣ್ಣನ ಹೆಸರಿನಲ್ಲಿತ್ತು. ಹಾಲನ್ನು ಯಾರು ತಂದು ಸುರಿದರೂ ಸದಸ್ಯನ ಹೆಸರಿಗೇ ಬರೆದುಕೊಳ್ಳುತ್ತಾರೆ. ರಕ್ತವೂ ಹಾಗೇ ಎಂದು ಆ ಮನೆಯವರು ತಿಳಿದಿದ್ದರು. ಚೀಟಿ ಅಣ್ಣನ ಹೆಸರಿಗೆ ಬಂತು, ಆದ್ದರಿಂದ ಸಕ್ಕರೆಯೂ ಅಣ್ಣನದೇ. ಅದೇ ಜಗಲಿ, ಅದೇ ಪಟ್ಟಿ, ಅದೇ ಸೆಕ್ರೆಟರಿ. ನಾವು ಅಲ್ಲಿ ಮೇಜು ಹಾಕಿದ ಮೇಲೆ ಅವರು ಬೇರೆ ಹೇಗೆ ತಿಳಿಯಬೇಕಿತ್ತು? ಆದರೆ ಇದನ್ನು ನಾನು ಅಂದು ಯೋಚಿಸಲಿಲ್ಲ. ಅಂದು ನನಗೆ ಹೊಳೆದದ್ದು ಒಂದೇ, ಪುಟದ ತುಂಬ ಇರುವ ನನ್ನ ಟಿಕ್‌ಗಳು.

ಅಕ್ಕ ಎದ್ದರು. ಸಾಲಿನಲ್ಲಿ ಇನ್ನೂ ಮೂವತ್ತು ಜನ ಹಸಿದ ಹೊಟ್ಟೆಯಲ್ಲಿ ನಿಂತಿದ್ದರು. ಎಲ್ಲರೂ ಕಾಫಿ ಕುಡೀರಿ, ಇವತ್ತು ಇಲ್ಲ ಎಂದು ಹೇಳಿ, ಚಪ್ಪಲಿ ಮೆಟ್ಟಿ, ಮುನಿರಾಜಪ್ಪನನ್ನು ಮುಂದೆ ಮಾಡಿಕೊಂಡು ನಡೆದರು. ನಾನು ಹಿಂದೆ ಹೋದೆ.

ಸೀನಪ್ಪ ಕೊಟ್ಟಿಗೆಯ ಹತ್ತಿರ ಕಲ್ಲಿನ ಮೇಲೆ ಕೂತಿದ್ದ. ಎಡಗಾಲಿಗೆ ಬಟ್ಟೆ ಸುತ್ತಿ ಅದರ ಮೇಲೆ ಅರಿಸಿನದ ಕಲೆ. ಜಾಲಿ ಮುಳ್ಳು ಚುಚ್ಚಿ ಎರಡು ತಿಂಗಳಾಯಿತು, ವಾಸಿಯಾಗ್ತಾ ಇಲ್ಲ ಎಂದ. ಅಕ್ಕ ಮೊದಲು ಅವನ ಕೈ ಹಿಡಿದು ನೋಡಿದರು. ನರ ಎರಡಾಗಿ ಒಡೆದಿತ್ತು, ಕುಡುಗೋಲಿನ ಗಾಯವೂ ಇತ್ತು. ಆಮೇಲೆ ಬೆರಳು ಚುಚ್ಚಿ ಸಣ್ಣ ಯಂತ್ರದಲ್ಲಿ ಸಕ್ಕರೆ ನೋಡಿದರು. ಆ ಯಂತ್ರ ತೋರಿಸಿದ್ದನ್ನು ನೋಡಿ ನಾನು ಕಣ್ಣು ಬೇರೆ ಕಡೆ ಮಾಡಿದೆ. ಕಾಲಿನ ಬಟ್ಟೆ ಬಿಚ್ಚಿದಾಗ ಹೆಬ್ಬೆರಳು ಕಪ್ಪಗಿತ್ತು. ನೋವೇ ಇಲ್ಲ ಅಕ್ಕ ಎಂದು ಅವನು ಸಮಾಧಾನವಾಗಿ ಹೇಳಿದ. ನೋವಿಲ್ಲದಿರುವುದೇ ಕೆಟ್ಟದ್ದು ಎಂದು ಅವನಿಗೆ ಗೊತ್ತಿರಲಿಲ್ಲ.

ಅಕ್ಕ ನೆಲದ ಮೇಲೇ ಕೂತುಬಿಟ್ಟರು. ಸಗಣಿ ನೀರು ಹರಿದ ಜಾಗ, ಸೀರೆ ಒದ್ದೆಯಾಯಿತು. ಅವನ ಕಾಲು ಹಿಡಿದುಕೊಂಡು ಹೇಳಿದರು. "ಸೀನಪ್ಪ, ಇದು ನಿನ್ನ ಕಾಯಿಲೆ, ನಿಮ್ಮಣ್ಣಂದಲ್ಲ. ಮೂರು ವರ್ಷದ ಹಿಂದೆ ನಿನ್ನ ರಕ್ತ ನನಗೆ ಹೇಳಿತ್ತು, ನಾನು ನಿನಗೆ ಹೇಳಲಿಲ್ಲ. ಚೀಟಿ ತಂದಾಗ ಕೈ ಹಿಡಿದು ನೋಡಿ ಕೊಡಬೇಕಾಗಿತ್ತು, ನಿಮ್ಮತ್ತಿಗೆ ಕೈಗೆ ಕೊಟ್ಟು ಹೋದೆ."

ಮುನಿರಾಜಪ್ಪನ ನಗು ಅಷ್ಟರಲ್ಲಿ ನಿಂತಿತ್ತು. ಅವನು ತಮ್ಮನ ಕಾಲನ್ನೇ ನೋಡುತ್ತ, ನನ್ನ ಹೋಳಿಗೆಯೆಲ್ಲಾ ಇವನಿಗೇ ಹಾಕಿದೆನಲ್ಲ ಎಂದು ಒಂದು ಸಲ ಅಂದ.

ಅಂದೇ ಸೀನಪ್ಪನನ್ನು ಆಸ್ಪತ್ರೆಗೆ ಸೇರಿಸಿದೆವು. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ತೆಗೆದರು, ಪಾದ ಉಳಿಯಿತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಅದೂ ಇಲ್ಲ ಎಂದು ಅಲ್ಲಿನವರು ಹೇಳಿದರು.

ಸಾಯಂಕಾಲ ಆಫೀಸಿನಲ್ಲಿ ದೊಡ್ಡ ಡಾಕ್ಟರಿಗೆ ಫೋನು ಮಾಡಿದೆವು. ಅವರು ಕೆಟ್ಟವರಲ್ಲ, ಕೆಲಸದ ಒತ್ತಡದವರು. ಒಂದಿಬ್ಬರು ಅದಲುಬದಲಾದರೆ ಒಟ್ಟು ಲೆಕ್ಕ ಕೆಡುವುದಿಲ್ಲ, ಆ ಒಂದು ಹೆಸರು ತೆಗೆದು ಮುಂದೆ ಹೋಗಿ ಎಂದರು. ನನಗೆ ಜೀವ ಬಂದ ಹಾಗಾಯಿತು. ಅಕ್ಕ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಒಂದಿಬ್ಬರೋ ಇನ್ನೆಷ್ಟೋ ನೋಡದೆ ಹೇಗೆ ಹೇಳ್ತೀರಾ ಸಾರ್, ಇನ್ನೂ ಯಾರ ಮನೆಯಲ್ಲಿ ಯಾರ ಚೀಟಿ ಇದೆಯೋ ಎಂದರು. ಫೋನು ಇಟ್ಟ ಮೇಲೆ ಹಾಳೆ ತೆಗೆದು ಕನ್ನಡದಲ್ಲೇ ಬರೆದರು. ಅವರ ಕನ್ನಡ ಬರಹದಲ್ಲಿ ಒತ್ತಕ್ಷರಗಳು ಎಲ್ಲೆಲ್ಲೋ ಇರುತ್ತಿದ್ದವು, ಆದರೂ ವಿಷಯ ನೇರವಾಗಿತ್ತು. ಇಂಥ ಊರಿನಲ್ಲಿ ರಕ್ತ ತೆಗೆಯುವಾಗ ಯಾರದೆಂದು ನೋಡಲಿಲ್ಲ, ಸೂಜಿ ಹಾಕಿದವಳು ನಾನು. ಕೆಳಗೆ ಸಹಿ ಮಾಡಿ, ಅದರ ಪಕ್ಕದಲ್ಲಿ ಒಂದು ಸಹಿಯಷ್ಟು ಜಾಗ ಬಿಟ್ಟು, ಹಾಳೆಯನ್ನು ನನ್ನ ಕಡೆ ತಳ್ಳಿದರು.

ನಾಳೆ ಮಾಡ್ತೀನಿ ಅಕ್ಕ ಎಂದೆ. ಅವರು ಸರಿ ಎಂದರು. ಮರುದಿನ ಬೆಳಿಗ್ಗೆ ಆ ಹಾಳೆ ನನ್ನ ಸಹಿ ಇಲ್ಲದೆಯೇ ಬೆಂಗಳೂರಿಗೆ ಹೋಯಿತು. ಅವರು ಮತ್ತೆ ಕೇಳಲಿಲ್ಲ.

ಆಮೇಲಿನ ಒಂಬತ್ತು ದಿನ ನಾವು ಆ ಊರಿನಲ್ಲಿ ಮನೆಮನೆ ತಿರುಗಿದೆವು. ಅವರು ಜಗಲಿಯ ಮೇಲೆ ಕೂತು, ಮನೆಯ ಗಂಡಸರು ಹೆಂಗಸರನ್ನೆಲ್ಲ ಕರೆಸಿ ಒಬ್ಬೊಬ್ಬರ ಕೈ ಹಿಡಿಯುತ್ತಿದ್ದರು. ಇದು ಹೌದು. ಇದು ಅಲ್ಲ. ಇದು ನೋಡಿದ ಹಾಗಿದೆ, ಇನ್ನೊಂದು ಕೈ ಕೊಡು. ಹೀಗೆ ಎಂಟು ಮನೆಗಳಲ್ಲಿ ಬೇರೆಯವರು ಸಿಕ್ಕರು. ಮಾವನ ಬದಲು ಅಳಿಯ, ಅತ್ತೆಯ ಬದಲು ಸೊಸೆ. ಎಲ್ಲರೂ ಸಂತೋಷದಿಂದಲೇ ಒಪ್ಪಿದರು, ಮನೆಯ ಪಾಲಿನ ಕೆಲಸ ತಪ್ಪಿಸಲಿಲ್ಲ ಎಂದು ಅವರಿಗೆ ಹೆಮ್ಮೆಯೇ ಇತ್ತು. ಅಕ್ಕ ಪ್ರತಿಯೊಬ್ಬರ ಬೆರಳು ಚುಚ್ಚಿ ಸಕ್ಕರೆ ನೋಡಿ, ಚೀಟಿಯನ್ನು ಅವರವರ ಅಂಗೈಯಲ್ಲಿಟ್ಟು ಬೆರಳು ಮಡಚಿ ಮುಚ್ಚುತ್ತಿದ್ದರು. ನಾನು ಪಟ್ಟಿ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಆ ವರ್ಷ ಗುತ್ತಿಗೆ ನವೀಕರಿಸುವಾಗ ಅವರ ಹೆಸರು ಇರಲಿಲ್ಲ. ವಯಸ್ಸಾಯಿತು ಎಂಬ ಕಾರಣ ಕೊಟ್ಟಿದ್ದರು. ಹಾಳೆಯಲ್ಲಿದ್ದ ಒಂದೇ ಸಹಿ ಯಾರದೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಕೊನೆಯ ದಿನ ಸ್ಟೂಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಬರ್ತೀನಿ ತಂಬಿ, ಕಾಫಿ ಕೇಳೋದು ಮರೀಬೇಡ ಎಂದು ಮೆಟ್ಟಿಲಿಳಿದು ಹೋದರು. ಅವರು ಮನೆಗೆ ಹೋಗುವ ಮಾರಿಕುಪ್ಪಂ ರೈಲಿನವರೆಗೆ ಹೋಗಿ ನಾನು ಅವರನ್ನು ಬಿಟ್ಟು ಬರಬಹುದಿತ್ತು. ಕೆಲಸವಿದೆ ಎಂದು ಕೂತಿದ್ದೆ. ನನಗೆ ನಾಚಿಕೆಯಾಗಿತ್ತು, ಅದನ್ನು ಬೇರೆ ಹೆಸರಿನಿಂದ ಕರೆಯುವುದು ಬೇಡ.

ಆಮೇಲೆ ಎರಡು ವರ್ಷ ಅವರನ್ನು ನೋಡಲಿಲ್ಲ. ಭಾನುವಾರ ಒಬ್ಬರೇ ಬಸ್ಸಿನಲ್ಲಿ ಆ ಊರಿಗೆ ಹೋಗುತ್ತಾರೆ, ಸೀನಪ್ಪನ ಕಾಲು ನೋಡಿ ಬರುತ್ತಾರೆ ಎಂದು ಡೈರಿಯ ಸೆಕ್ರೆಟರಿ ಹೇಳಿದ್ದ. ಮೊನ್ನೆ ಮಂಗಳವಾರ ಅವನೇ ಫೋನು ಮಾಡಿ, ರಕ್ತದಕ್ಕ ಓಗ್ಬಿಟ್ರಂತೆ ಸಾರ್ ಎಂದ. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ.

ಮಧ್ಯಾಹ್ನದ ಹೊತ್ತಿಗೆ ನಂದಿದುರ್ಗದ ಲೈನಿಗೆ ಹೋದೆ. ಸಾಲುಮನೆಗಳ ಮುಂದಿನ ಓಣಿ ತುಂಬಿತ್ತು. ಲೈನಿನವರು ಒಂದು ಕಡೆ, ಇನ್ನೊಂದು ಕಡೆ ಟವಲು ಹೆಗಲ ಮೇಲೆ ಹಾಕಿಕೊಂಡ ನಲವತ್ತು ಐವತ್ತು ಜನ ಹಳ್ಳಿಯವರು. ಎರಡು ಟೆಂಪೋ ಮಾಡಿಕೊಂಡು ಬಂದಿದ್ದರು. ಅಕ್ಕನ ತಂಗಿಗೆ ಇವರು ಯಾರೆಂದೇ ಗೊತ್ತಿರಲಿಲ್ಲ. ಯಾರು ನೀವೆಲ್ಲ, ನೆಂಟರಾ ಎಂದು ಕೇಳಿದ್ದಕ್ಕೆ ಮುಂದೆ ನಿಂತವನೊಬ್ಬ, ಇಲ್ಲಮ್ಮ, ಮನೆಗೊಬ್ಬರು ಬಂದಿದ್ದೀವಿ ಎಂದು ಹೇಳಿದನಂತೆ.

ಸೀನಪ್ಪ ಗೋಡೆಗೆ ಒರಗಿ ನಿಂತಿದ್ದ. ಎಡಗಾಲಿಗೆ ಮುಂಭಾಗ ಮುಚ್ಚಿದ ಚಪ್ಪಲಿ, ನಡೆದರೆ ಸ್ವಲ್ಪ ಎಳೆಯುತ್ತಿತ್ತು. ಅಣ್ಣ ಬರಲಿಲ್ಲವಾ ಎಂದೆ. ಅಣ್ಣ ಬೆಳಿಗ್ಗೇನೇ ರೈಲಿಗೆ ಓದ ಸಾರ್, ಗೊತ್ತಾಗ್ಲಿಲ್ಲ, ಅದಕ್ಕೇ ನಾನು ಬಂದೆ ಎಂದ. ನಾನೂ ಅವನ ಪಕ್ಕದಲ್ಲಿ ಗೋಡೆಗೆ ಒರಗಿದೆ. ಆಮೇಲೆ, ತಪ್ಪಿದರೆ ತಪ್ಪಿತು ಅಂತ ಬಾಯಲ್ಲಿ ಹೇಳು ಎಂದ ಅಕ್ಕನ ಧ್ವನಿ ನೆನಪಾಯಿತು.

"ಸೀನಪ್ಪ, ಅವತ್ತು ಕಾರ್ಡು ನೋಡಿ, ಇದು ನೀನಲ್ಲ ಅಂತ ಹೇಳಬೇಕಾಗಿದ್ದವನು ನಾನು. ನೋಡದೇನೇ ಟಿಕ್ ಹಾಕಿದೆ. ಅಕ್ಕನ ತಪ್ಪಲ್ಲ."

ಅವನು ನನ್ನ ಮುಖ ನೋಡಿದ. ಸಿಟ್ಟು ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

"ಗೊತ್ತು ಸಾರ್. ಅಕ್ಕ ಆಸ್ಪತ್ರೇಲೇ ಏಳಿದ್ರು. ಅವನಾಗೇ ಬಂದು ಏಳ್ತಾನೆ, ಅಲ್ಲೀವರ್ಗೂ ನೀನೇನೂ ಕೇಳ್ಬ್ಯಾಡ ಅಂದಿದ್ರು."

ಎರಡು ವರ್ಷ ಅವರು ಪ್ರತಿ ಭಾನುವಾರ ಆ ಮನೆಗೆ ಹೋಗುತ್ತಿದ್ದರು. ನಾನು ಬಂದು ಹೇಳಿದೆನೋ ಇಲ್ಲವೋ ಎಂದು ಒಂದು ಸಲವಾದರೂ ವಿಚಾರಿಸಿದ್ದರೋ ಏನೋ, ಸೀನಪ್ಪನನ್ನು ಕೇಳುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಎತ್ತಿದರು. ಎಲ್ಲರೂ ನಡೆದೆವು.

ಮಣ್ಣು ಹಾಕುವ ಹೊತ್ತಿಗೆ ಲೈನಿನವರು ಮುಗಿಸಿ, ಹಳ್ಳಿಯವರು ಸಾಲಾಗಿ ಬಂದರು. ಅದೇ ಸಾಲು, ಜಗಲಿಯ ಮುಂದೆ ನಿಲ್ಲುತ್ತಿದ್ದ ಹಾಗೆಯೇ. ಒಬ್ಬೊಬ್ಬರು ಒಂದೊಂದು ಹಿಡಿ ಹಾಕಿ ಪಕ್ಕಕ್ಕೆ ಸರಿದರು. ಸೀನಪ್ಪನ ಸರದಿ ಬಂದಾಗ ಅವನು ಕಾಲು ಎಳೆಯುತ್ತ ಮುಂದೆ ಹೋಗಿ ಬಗ್ಗಿದ. ಒಂದು ಹಿಡಿ ಮಣ್ಣು ತೆಗೆದು ಹಾಕಿದ.

"ಇದು ನಮ್ಮಣ್ಣಂದು ಅಕ್ಕ."

ಆಮೇಲೆ ಮತ್ತೆ ಬಗ್ಗಿ ಇನ್ನೊಂದು ಹಿಡಿ ತೆಗೆದ.

"ಇದು ನಂದು."